ಪುಂಡಿಪಲ್ಯದಲ್ಲಿ ಕಲಸಿದ ಗುಳಿಗೆ

ಕುರ್ಡಿ ಹಳ್ಳಿಯ ತಿಮ್ಮವ್ವನ ಬಿಪಿ ಅಂಬಿಕಾಳ ನಿದ್ದೆ ಕೆಡಿಸಿತ್ತು. ದೇವದುರ್ಗದ ಈ ಹುಡುಗಿ ರಾಯಚೂರಿನ ಡಾಕ್ಟರ್ ಪ್ರಾಣೇಶರ ಸಂಶೋಧನೆಗಾಗಿ ಮಾನ್ವಿಯ ಹಳ್ಳಿಗಳನ್ನು ಸುತ್ತುತ್ತಿದ್ದಳು. ದಿನಕ್ಕೊಂದು ಗುಳಿಗೆಯಿಂದ ಬಿಪಿ ಇಳಿಸಿದರೆ ಲಕ್ವ, ಹೃದಯಾಘಾತ ಎಷ್ಟು ತಪ್ಪುತ್ತವೆ ಎಂದು ನೋಡುವ ಕೆಲಸ. ಆರು ತಿಂಗಳಿಂದ ತಿಮ್ಮವ್ವ ಗುಳಿಗೆಯ ಖಾಲಿ ಸ್ಟ್ರಿಪ್ಪುಗಳನ್ನು ತಪ್ಪದೆ ತಂದೊಪ್ಪಿಸುತ್ತಿದ್ದಳು. ಬಿಪಿ ಮಾತ್ರ ನೂರಾ ಎಂಬತ್ತರಿಂದ ಇಳಿಯಲೊಲ್ಲದು. ಇಂಥ ಹಟಮಾರಿ ಬಿಪಿಯನ್ನು ಯಾರು ಕಂಡಿದ್ದರು! ಕಡೆಗೆ ಡಾಕ್ಟರು ಗುಳಿಗೆಯ ಪ್ರಮಾಣವನ್ನು ಇಮ್ಮಡಿ ಮಾಡಿದರು.

ಹೊಸ ಗುಳಿಗೆ ಹಿಡಿದು ಅಂಬಿಕಾ ಬಂದಾಗ ಮಧ್ಯಾಹ್ನದ ಊಟದ ಹೊತ್ತು. ಕಟ್ಟೆಯ ಮೇಲಿದ್ದ ತಿಮ್ಮವ್ವನ ಗಂಡ ಗದ್ದೆಪ್ಪ ಏಳಲು ಹೋಗಿ, ಜೋಲಿ ಹೊಡೆದು ಮತ್ತೆ ಕೂತ.

“ಎದ್ರ ಕಣ್ಣಿಗಿ ಕತ್ತಲಿ ಬರ್ತದವ್ವಾ. ವಯಸ್ಸಾತು,” ಎಂದು ನಕ್ಕ.

ಹೊಸ ಸ್ಟ್ರಿಪ್ಪನ್ನು ತಿಮ್ಮವ್ವನ ಕೈಗಿಟ್ಟು ಅಂಬಿಕಾ ನೀರು ಕುಡಿಯಲು ಹಿತ್ತಲಿಗೆ ಹೋದಳು. ಮರಳಿ ಬಂದವಳು ಒಲೆಯ ಬಳಿ ಕಂಡದ್ದಕ್ಕೆ ದಂಗಾಗಿ ನಿಂತಳು. ತಿಮ್ಮವ್ವ ಆ ಗುಳಿಗೆಯನ್ನು ಚಮಚದಿಂದ ಪುಡಿ ಮಾಡಿ ಗಂಡನ ತಾಟಿನ ಪುಂಡಿಪಲ್ಯಕ್ಕೆ ಕಲಸುತ್ತಿದ್ದಳು.

“ಯವ್ವಾ! ಏನ್ ಮಾಡಾಕತ್ತೀರಿ?”

“ಸುಮ್ಕಿರವ್ವಾ, ಅಂವಗ ಗೊತ್ತಿಲ್ಲ. ಅವರಣ್ಣಗ ಹೊಲದಾಗ ಒಂದ್ ಕಡಿ ಕೈಕಾಲು ಬಿದ್ದಹೋದ್ವು. ಇಂವ ನೋಡಿದ್ರ ನಿಮ್ಮ ಮಿಷಿನ್ನಿಗಿ ಕೈ ಕೊಡಲಿಲ್ಲ. ನನಗೇನಾಗ್ತದ? ಮನಿ ಯಜಮಾನ ಚೊಲೋ ಇದ್ರ ಸಾಕು.”

ಅಂಬಿಕಾ ತಾಟು ಕಸಿದಿಟ್ಟು ಹೊರಗೋಡಿ, ಗದ್ದೆಪ್ಪ ಬೇಡವೆಂದರೂ ಬಿಡದೆ ಅವನ ತೋಳಿಗೆ ಬಿಪಿ ಪಟ್ಟಿ ಸುತ್ತಿದಳು. ಮೇಲಿನ ಬಿಪಿಯೇ ಎಂಬತ್ತೆಂಟು! ರೋಗವಿಲ್ಲದವನು ಆರು ತಿಂಗಳು ಹೆಂಡತಿಯ ಔಷಧಿ ತಿಂದು ಕುಸಿಯುತ್ತಿದ್ದ. ಇಮ್ಮಡಿ ಗುಳಿಗೆಯೂ ಹೊಟ್ಟೆಗಿಳಿದಿದ್ದರೆ? ಪಟ್ಟಿ ಬಿಚ್ಚಿ ತಿಮ್ಮವ್ವನ ತೋಳಿಗೆ ಸುತ್ತಿದಳು. ಅಲ್ಲಿ ನೂರಾ ತೊಂಬತ್ತಾರು ಬಂತು.

“ಯವ್ವಾ, ಅವರಣ್ಣಗ ಆಗಿದ್ದು ನಿಮಗ ಆಗೋದದ!” ಎಂದು ಕೂಗಿದವಳು ಡಾಕ್ಟರಿಗೆ ಫೋನು ಹಚ್ಚಿದಳು. ಹಳೆಯ ಪ್ರಮಾಣದ ಗುಳಿಗೆ ಒಂದನ್ನು ಈಗಲೇ ನುಂಗಿಸಿ, ಇಬ್ಬರನ್ನೂ ಇವತ್ತೇ ರಾಯಚೂರಿಗೆ ಕರೆತರಬೇಕೆಂದು ಅವರು ಹೇಳಿದರು.

ಗದ್ದೆಪ್ಪನಿಗೆ ಎಲ್ಲ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಹೆಂಡತಿಯತ್ತ ತಿರುಗಿ ಅಳತೊಡಗಿದ.

“ಆರು ತಿಂಗಳ ನಿನ್ನ ಜೀವಾನ ನನಗ ಉಣಸಿದಿಯೇನ್ ಬೇ?”

ತಿಮ್ಮವ್ವ ಗುಳಿಗೆ ಹಿಡಿದು ತಲೆ ತಗ್ಗಿಸಿದಳು. “ಮೊದ್ಲ ನೀ ಉಣ್ಣು. ಆಮ್ಯಾಲ ನುಂಗ್ತೀನಿ.”

“ನುಂಗು!” ಗದ್ದೆಪ್ಪ ಅಳುತ್ತಲೇ ಗದರಿದ. ಅವಳು ಗಟಕ್ಕನೆ ನುಂಗಿದಳು.

ನಿಟ್ಟುಸಿರು ಬಿಟ್ಟು ಅಂಬಿಕಾ ನೋಟ್‌ಬುಕ್ ತೆರೆದಳು. ಗುಳಿಗೆಗೆ ಬಗ್ಗದ ಬಿಪಿಯೆಂದು ಕೆಂಪು ಗುರುತು ಬಿದ್ದ ಹೆಸರುಗಳು ಈ ಊರಲ್ಲಿ ಇನ್ನೂ ಹನ್ನೊಂದಿದ್ದವು. ಒಂದೊಂದಾಗಿ ಓದಿದಳು. ಹನ್ನೊಂದೂ ಹೆಂಗಸರು, ಎಲ್ಲರೂ ಗಂಡ ಇದ್ದವರು. ಮೊದಲನೆಯವಳ ಮನೆ ಎದುರಿಗೇ ಇತ್ತು. ಒಳಗೆ ತಾಟಿನ ಸದ್ದು ಕೇಳುತ್ತಿತ್ತು. ಅಂಬಿಕಾ ಬರಿಗಾಲಲ್ಲೇ ಓಡಿದಳು.