ಮದುವೆಯ ಪೀಪಾಯಿ

ಮಾರ್ನಿ ಕರಿ ತಂತಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಸಿಪ್ಪೆ ಎಳೆಯುತ್ತಿದ್ದಾಗ ಹಿಂದಿನಿಂದ ಊರುಗೋಲಿನ ಸದ್ದು ಬಂತು. ತಿರುಗಿ ನೋಡಬೇಕಾದ್ದಿರಲಿಲ್ಲ. ಇಡೀ ಶೆಬಾಯ್ಗನ್ ಊರಿನಲ್ಲಿ ಬಾಗಿಲು ತಟ್ಟದೆ ಮಾರ್ನಿಯ ಮನೆಯ ಗ್ಯಾರೇಜಿಗೆ ನುಗ್ಗುವ ಆಸಾಮಿ ಒಬ್ಬರೇ.

"ದೇವರು ಹಲ್ಲು ಕೊಟ್ಟಿರೋದು ಸಾಸೇಜ್ ತಿನ್ನೋಕೆ ಕಣೆ, ವೈರ್ ಸುಲಿಯೋಕಲ್ಲ," ಅಂದರು ನಾರ್ಬ್ ದೊಡ್ಡಪ್ಪ. ಮೂಲೆಯ ಮುರುಕು ಕುರ್ಚಿಯನ್ನು ಊರುಗೋಲಿನಿಂದಲೇ ಎಳೆದುಕೊಂಡು, ಹೊಸದಾಗಿ ಆಪರೇಷನ್ ಆದ ಮಂಡಿಯನ್ನು ಮುಂದೆ ಚಾಚಿ ಕೂತರು. "ಏನಿದು, ಬಾಂಬಾ?"

"ಕಂಟ್ರೋಲರ್, ದೊಡ್ಡಪ್ಪ."

"ಯಾರನ್ನ ಕಂಟ್ರೋಲ್ ಮಾಡತ್ತೆ? ನನ್ನನ್ನ ಮಾಡೋಕೆ ನಿಮ್ಮ ದೊಡ್ಡಮ್ಮ ಜೀವಮಾನವೆಲ್ಲ ಒದ್ದಾಡಿದಳು, ಆಗಲಿಲ್ಲ."

ಮಾರ್ನಿ ನಕ್ಕಳು, ಉತ್ತರ ಕೊಡಲಿಲ್ಲ. ಅವಳು ಉತ್ತರ ಕೊಡದಿರುವುದು ಮನೆಯಲ್ಲಿ ಎಲ್ಲರಿಗೂ ರೂಢಿಯಾಗಿತ್ತು. ಓದು ಅರ್ಧಕ್ಕೆ ಬಿಟ್ಟು ದೊಡ್ಡ ಲಾಂಡ್ರಿಯೊಂದಕ್ಕೆ ಕೆಲಸಕ್ಕೆ ಸೇರಿದವಳು. ಅಲ್ಲಿ ಒಗೆಯುವ ಯಂತ್ರಗಳ ಗದ್ದಲದಲ್ಲಿ ಮಾತಿನ ಅಗತ್ಯವೇ ಬೀಳುತ್ತಿರಲಿಲ್ಲ. ಬಿದ್ದರೆ ಹೊಟ್ಟೆಯಾಳದಿಂದ ಒಂದೇ ಸಲ ಕೂಗಬೇಕು, ಅಷ್ಟೆ. ಆ ಕೂಗನ್ನು ಅವಳು ಲಾಂಡ್ರಿಯಲ್ಲೇ ಬಿಟ್ಟು ಮನೆಗೆ ಬರುತ್ತಿದ್ದಳು. ಹಾಗಾಗಿ ಫೆಬ್ರವರಿಯ ಒಂದು ಭಾನುವಾರ ಊಟದ ಮೇಜಿನಲ್ಲಿ ಅವಳು ಬಾಯಿ ಬಿಟ್ಟಾಗ ಎಲ್ಲರ ಕೈಯೂ ತುತ್ತಿನ ಸಮೇತ ಗಾಳಿಯಲ್ಲಿ ನಿಂತಿತ್ತು.

ಮಾರ್ನಿಯವರ ಡೀಟ್ರಿಕ್ ಮನೆತನದ ಮದುವೆಗಳಿಗೆ ಅಂಗಡಿಯ ಬಿಯರ್ ಬರುವುದಿಲ್ಲ. ಮನೆಯವರೇ ಯಾರಾದರೂ ಲಾಗರ್ ಎಂಬ ತಿಳಿ ಬಿಯರನ್ನು ಕಾಯಿಸಿ, ಹುಳಿಸಿ, ತಣ್ಣಗೆ ಮಲಗಿಸಿ ಪೀಪಾಯಿ ತುಂಬಬೇಕು. ಮದುವೆಯ ದಿನ ಅವರೇ ನಲ್ಲಿ ತಿರುಗಿಸಿ, ಮೊದಲ ಗ್ಲಾಸನ್ನು ಮೇಲೆತ್ತಿ, ಕೊನೆಯ ಮೇಜಿಗೂ ಕೇಳುವಂತೆ "ಪ್ರೋಸ್ಟ್!" ಎಂದು, ಜರ್ಮನ್ ಭಾಷೆಯ ಚಿಯರ್ಸ್, ಕೂಗಬೇಕು. ಆ ಕೂಗು ಕಿವಿಗೆ ಬೀಳುವವರೆಗೆ ಯಾರೂ ತುಟಿ ಒದ್ದೆ ಮಾಡುವಂತಿಲ್ಲ. ಮಾರ್ನಿಗೆ ನೆನಪಿರುವಷ್ಟು ಕಾಲದಿಂದ ಆ ಕೆಲಸ ನಾರ್ಬ್ ದೊಡ್ಡಪ್ಪನದು. ಅವರ ಮನೆಯ ಕಲ್ಲಿನ ನೆಲಮಾಳಿಗೆ ಬೇಸಿಗೆಯಲ್ಲೂ ತಂಪು. ಈ ಸಲ ಮಂಡಿ ಆ ಮೆಟ್ಟಿಲು ಇಳಿಯಲು ಒಪ್ಪಿರಲಿಲ್ಲ.

"ಹೋಗ್ಲಿ ಬಿಡಿ, ಅಂಗಡಿಯಿಂದಾನೇ ತರಿಸೋಣ," ಅಂದಿದ್ದಳು ಮದುವಣಗಿತ್ತಿ, ಮಾರ್ನಿಯ ಅಕ್ಕ ಗ್ರೆಚನ್. ದನಿಯೇನೋ ಹಗುರವಾಗಿತ್ತು, ಕಣ್ಣು ಮಾತ್ರ ತಟ್ಟೆ ಬಿಟ್ಟು ಮೇಲೇಳಲಿಲ್ಲ. ಆ ಕಣ್ಣನ್ನು ನೋಡಿಯೇ ಮಾರ್ನಿ "ನಾನು ಮಾಡ್ತೀನಿ" ಅಂದುಬಿಟ್ಟಿದ್ದಳು.

ಆಮೇಲೆ ನಾರ್ಬ್ ದೊಡ್ಡಪ್ಪ, "ಎಲ್ಲಾರೂ ಜೆರೇನಿಯಂ ಕುಂಡಗಳನ್ನ ಒಳಗೆ ಎತ್ತಿಟ್ಕೊಳ್ರಪ್ಪಾ!" ಅಂದರು. ಗ್ರೆಚನ್ ಕೂಡ ನಗು ತಡೆಯಲಾರದೆ ಕೆಮ್ಮಿದಳು.

ಹಿಂದಿನ ವರ್ಷ ದೊಡ್ಡಪ್ಪನ ಹುಟ್ಟುಹಬ್ಬಕ್ಕೆ ಮಾರ್ನಿ ತನ್ನ ಮೊದಲ ಬಿಯರ್ ಒಯ್ದಿದ್ದಳು. ಆಗಸ್ಟಿನ ಸೆಕೆಯಲ್ಲಿ ಹುಳಿದ ಅದು ಗಾಯದ ಪಟ್ಟಿಯ ವಾಸನೆ ಹೊಡೆಯುತ್ತಿತ್ತು. ಒಂದು ಗುಟುಕು ಕುಡಿದ ದೊಡ್ಡಪ್ಪ ಉಳಿದದ್ದನ್ನು ಎಲ್ಲರೆದುರೇ ಕಿಟಕಿಯ ಜೆರೇನಿಯಂ ಕುಂಡಕ್ಕೆ ಬಗ್ಗಿಸಿದ್ದರು. ಆ ವಾರವೇ ಗಿಡ ಒಣಗಿತು ಎಂದು ಇಂದಿಗೂ ಆಣೆ ಹಾಕುತ್ತಾರೆ.

ಕೆಟ್ಟದ್ದು ಸೆಕೆಯಿಂದ ಎಂಬುದು ಮಾರ್ನಿಗೆ ಆಮೇಲೆ ತಿಳಿದಿತ್ತು. ಯೀಸ್ಟು ಬೆಚ್ಚಗಾದರೆ ತಲೆ ತಿರುಗಿದ ಹಾಗೆ ಆಡುತ್ತದೆ. ಲಾಗರಿಗಂತೂ ಹಗಲೂ ಇರುಳೂ ಒಂದೇ ತಂಪು ಬೇಕು. ಆದರೆ ಏಪ್ರಿಲ್‌ನಲ್ಲಿ ಈ ಗ್ಯಾರೇಜಿಗೆ ಒಂದೇ ಹದ ಎಂಬುದಿಲ್ಲ. ಇರುಳು ಊರಂಚಿನ ಸರೋವರದ ಗಾಳಿಗೆ ಬಕೆಟ್ಟಿನ ನೀರು ಗಟ್ಟಿಯಾದರೆ, ಮಧ್ಯಾಹ್ನ ತಗಡಿನ ಬಾಗಿಲಿಗೆ ಬಿಸಿಲು ಬಡಿದು ಸ್ವೆಟರ್ ಬಿಚ್ಚಬೇಕು. ಅದಕ್ಕೇ ಅಜ್ಜಿಯ ಕಾಲದ ಹಳೇ ಫ್ರಿಜ್ಜು. ಅದರೊಳಗೆ, ಬೆಳಕು ತಾಗಿ ಬಿಯರ್ ಕೆಡದಿರಲೆಂದು ಖಾಲಿ ಬಣ್ಣದ ಡಬ್ಬಿಯಲ್ಲಿ ಅಡಗಿಸಿದ ಒಂದು ಬಲ್ಬು. ಬೆಚ್ಚಗಾದರೆ ಫ್ರಿಜ್ಜು ಓಡಬೇಕು, ತೀರ ತಣ್ಣಗಾದರೆ ಬಲ್ಬು ಉರಿಯಬೇಕು. ಎರಡರ ನಡುವೆ ಕಾವಲಿಗೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಈ ಕಂಟ್ರೋಲರ್.

ಅವಳು ಕರಿ ತಂತಿಯನ್ನು ಕಂಟ್ರೋಲರಿನ ಬೆನ್ನಿಗೆ ಸಿಕ್ಕಿಸಿ ಸ್ಕ್ರೂ ಬಿಗಿದಳು. ಅಲ್ಲಿಂದ ಒಂದು ತುಂಡು ತಂತಿ ಜೋಡಿ ಕಿಂಡಿಯ ಸಾಕೆಟ್ಟೊಂದರ ಮೇಲಿನ ಕಿಂಡಿಗೆ, ಅದು ಫ್ರಿಜ್ಜಿನದು. ಇನ್ನೊಂದು ಕೆಳಗಿನ ಕಿಂಡಿಗೆ, ಬಲ್ಬಿನದು. ಬಿಳಿಯದು ಎರಡಕ್ಕೂ ಸೇರಿ. ಹಸಿರು ಅರ್ಥಿಂಗಿಗೆ. ಎಲ್ಲವನ್ನೂ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೂರಿಸಿ ಮುಚ್ಚಳ ಹಾಕಿ ಗೋಡೆಗೆ ಪ್ಲಗ್ ಚುಚ್ಚಿದಾಗ ಮುಂದಿನ ಕಿಟಕಿಯಲ್ಲಿ ಕೆಂಪು ಅಂಕಿಗಳು ಹೊತ್ತಿಕೊಂಡವು. ಗುಂಡಿ ಒತ್ತಿ ಒತ್ತಿ ಅವಳು ಹತ್ತಕ್ಕೆ ತಂದು ನಿಲ್ಲಿಸಿದಳು.

"ಹತ್ತಾ? ಹತ್ತು ಡಿಗ್ರಿ ಅಂದ್ರೆ ಜನವರಿ ಕಣೆ! ಬಿಯರಲ್ಲ, ಐಸ್‌ಕ್ಯಾಂಡಿ ಆಗತ್ತೆ."

"ಇದು ಹೊರದೇಶದ ಸೆಲ್ಸಿಯಸ್ ಲೆಕ್ಕ ದೊಡ್ಡಪ್ಪ. ಇದರ ಹತ್ತು ನಮ್ಮ ಫ್ಯಾರನ್‌ಹೀಟ್‌ನ ಐವತ್ತು."

"ನೋಡು, ಡಬ್ಬಿಗೆ ನಮ್ಮ ಭಾಷೇನೂ ಬರಲ್ಲ. ನನ್ನ ನೆಲಮಾಳಿಗೆಗೆ ಯಾವ ಲೆಕ್ಕಾನೂ ಬೇಕಿರಲಿಲ್ಲ."

ಪರೀಕ್ಷೆಗೆ ಅವಳು ತನ್ನ ಮಂಚದ ಪಕ್ಕದ ಟೇಬಲ್ ಲ್ಯಾಂಪ್ ತಂದಿದ್ದಳು. ಅದನ್ನು ಮೇಲಿನ ಕಿಂಡಿಗೆ ಚುಚ್ಚಿ, ಕಂಟ್ರೋಲರಿನಿಂದ ಹೊರಬಂದ, ಬಿಸಿ ತಂಪು ಅಳೆಯುವ ಸೆನ್ಸರಿನ ತುದಿಯನ್ನು ಬಿಸಿನೀರಿಗೆ ಅದ್ದಿದಳು. ಒಳಗೆ ಕಟ್ ಎಂದು ಸದ್ದಾಗಿ ದೀಪ ಹತ್ತಿತು. ದೀಪವನ್ನು ಕಿತ್ತು ಕೆಳಗಿನ ಕಿಂಡಿಗೆ ಚುಚ್ಚಿ, ತುದಿಯನ್ನು ಐಸಿನ ನೀರಿಗೆ ಅದ್ದಿದಳು. ಮತ್ತೆ ಕಟ್, ಮತ್ತೆ ದೀಪ. ಎರಡೂ ಸರಿ. ದೊಡ್ಡಪ್ಪ ತುಟಿ ಕೊಂಕಿಸಿದರು. ಅವರ ಮಟ್ಟಿಗೆ ಅದು ಚಪ್ಪಾಳೆ.

ಶನಿವಾರ ಮೊಳೆತ ಬಾರ್ಲಿಯ ಮಾಲ್ಟ್ ಕಾಯಿಸಿ, ಆರಿಸಿ, ಯೀಸ್ಟ್ ಹಾಕಿ ದೊಡ್ಡ ಬಿಳಿ ಬಕೆಟ್ಟನ್ನು ಫ್ರಿಜ್ಜಿನಲ್ಲಿ ಇಳಿಸಿದ್ದಾಯಿತು. ಸೆನ್ಸರನ್ನು ಬಕೆಟ್ಟಿನ ಮೈಗೆ ಟೇಪಿನಿಂದ ಅಂಟಿಸಿ, ಮೇಲೆ ಅಪ್ಪನ ಹಳೇ ಉಣ್ಣೆ ಕಾಲುಚೀಲ ಹೊದಿಸಿದಳು. ಭಾನುವಾರ ಬಕೆಟ್ಟು ಗುಳುಕ್ ಗುಳುಕ್ ಎಂದು ಉಸಿರಾಡತೊಡಗಿತು. ಅಲ್ಲಿಗೆ ಅವಳ ಎದೆ ಹಗುರವಾಯಿತು.

ಸೋಮವಾರ ಕೆಲಸ ಮುಗಿಸಿ ಬಂದಾಗ ಕೆಂಪು ಅಂಕಿ ಹದಿನಾಲ್ಕು ತೋರಿಸುತ್ತಿತ್ತು.

ಫ್ರಿಜ್ಜು ಗುರ್ ಎನ್ನುತ್ತಲೇ ಇತ್ತು. ಅಮ್ಮ ಹೇಳಿದಳು, ಬೆಳಿಗ್ಗೆಯಿಂದ ಅದು ಒಂದು ಗಳಿಗೆಯೂ ಬಾಯಿ ಮುಚ್ಚಿಲ್ಲ ಎಂದು. ಮಾರ್ನಿ ನೋಡುತ್ತಿದ್ದಂತೆಯೇ ಹದಿನಾಲ್ಕು ಹದಿನೈದಾಯಿತು. ಮೂಗಿನ ತುದಿಯಲ್ಲಿ ಗಾಯದ ಪಟ್ಟಿಯ ಆ ಹಳೇ ವಾಸನೆ ಸುಳಿದಂತಾಯಿತು. ಇದನ್ನು ಚೆಲ್ಲಿ ಮತ್ತೆ ಕಾಯಿಸೋಣವೆಂದರೆ ಮದುವೆಯ ಜೂನ್ ಬಂದೇಬಿಡುತ್ತದೆ, ಲಾಗರ್ ತಣ್ಣಗೆ ಮಲಗಿ ತಿಳಿಯಾಗಲು ವಾರಗಳೇ ಬೇಕು. ಇದು ಕೆಟ್ಟರೆ ಅಕ್ಕನ ಮದುವೆಗೆ ಅಂಗಡಿಯ ಬಿಯರೇ ಗತಿ.

ನಾರ್ಬ್ ದೊಡ್ಡಪ್ಪ ಬಂದು ನಿಂತಿದ್ದು ಅವಳಿಗೆ ಗೊತ್ತಾಗಲಿಲ್ಲ. ಅವರು ಫ್ರಿಜ್ಜಿಗೆ ಕಿವಿಗೊಟ್ಟು, ಅಂಕಿ ನೋಡಿ, ಅಪರೂಪಕ್ಕೆ ಮೆತ್ತಗೆ ಮಾತಾಡಿದರು.

"ಮುದುಕಿ ಹೋದಳು ಮಗಾ. ಇಷ್ಟು ಒದರಿದ್ರೂ ತಂಪು ಕೊಡ್ತಿಲ್ಲ ಅಂದ್ರೆ ಗ್ಯಾಸ್ ಹೋಗಿದೆ. ಬಿಟ್ಬಿಡು. ಗ್ರೆಚನ್‌ಗೆ ನಾನು ಹೇಳ್ತೀನಿ, ನನ್ನ ಮಂಡೀದೇ ತಪ್ಪು ಅಂತ."

ಆ ಮೆತ್ತನೆ ದನಿಯೇ ಅವಳಿಗೆ ಚುಚ್ಚಿತು. ಗೇಲಿ ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಫ್ರಿಜ್ಜಿನ ಬಾಗಿಲು ತೆರೆದು ಒಳಗಿನ ಹಿಂಬದಿಯ ತಗಡನ್ನು ಮುಟ್ಟಿದಳು. ಕೈ ಅಂಟಿಕೊಳ್ಳುವಷ್ಟು ತಣ್ಣಗಿತ್ತು.

"ಸತ್ತಿಲ್ಲ ದೊಡ್ಡಪ್ಪ. ಮುಟ್ಟಿ ನೋಡಿ."

ಕೈ ಹಿಂದಕ್ಕೆ ತೆಗೆಯುವಾಗ ಮೊಣಕೈ ಬಣ್ಣದ ಡಬ್ಬಿಗೆ ತಾಗಿತು. "ಹಾ!" ಎಂದು ಎಳೆದುಕೊಂಡಳು. ಡಬ್ಬಿ ಕಾದ ಕಾವಲಿಯಂತಿತ್ತು. ಅದರ ಮುಚ್ಚಳದ ಸಣ್ಣ ತೂತಿನಿಂದ ಹಳದಿ ಬೆಳಕಿನ ಎಳೆಯೊಂದು ಬಕೆಟ್ಟಿನ ಮೈಮೇಲೆ ಬಿದ್ದಿತ್ತು.

ಮಾರ್ನಿ ಆ ಬೆಳಕನ್ನೇ ನೋಡುತ್ತ ಕುಕ್ಕರಗಾಲಲ್ಲಿ ಕೂತಳು. ಫ್ರಿಜ್ಜು ಓಡುತ್ತಿರುವಾಗ ಬಲ್ಬು ಯಾಕೆ ಉರಿಯಬೇಕು? ಒಂದು ಕಡೆಯಿಂದ ತಂಪು, ಇನ್ನೊಂದು ಕಡೆಯಿಂದ ಕಾವು, ನಡುವೆ ಹುಳಿಯುತ್ತ ತನ್ನಷ್ಟಕ್ಕೆ ತಾನೇ ಬಿಸಿಯೇರುವ ಬಕೆಟ್ಟು. ಮೊನ್ನೆ ಎರಡೂ ಸರಿಯಿತ್ತಲ್ಲ. ಲ್ಯಾಂಪು ಮೇಲೆ ಹತ್ತಿತ್ತು, ಕೆಳಗೂ ಹತ್ತಿತ್ತು.

ಆದರೆ ಲ್ಯಾಂಪು ಇದ್ದದ್ದು ಒಂದೇ. ಮೇಲೆ ಹತ್ತಿದಾಗ ಕೆಳಗಿನ ಕಿಂಡಿ ಖಾಲಿ, ಕೆಳಗೆ ಹತ್ತಿದಾಗ ಮೇಲಿನದು ಖಾಲಿ. ಖಾಲಿ ಕಿಂಡಿಗೂ ಕರೆಂಟ್ ಬರುತ್ತಿತ್ತೋ ಇಲ್ಲವೋ, ನೋಡಿದವರು ಯಾರು?

ಅವಳು ಗೋಡೆಯಿಂದ ಪ್ಲಗ್ ಕಿತ್ತು ಪೆಟ್ಟಿಗೆಯ ಮುಚ್ಚಳ ಬಿಚ್ಚಿದಳು. ಸಾಕೆಟ್ಟನ್ನು ಹೊರಗೆಳೆದು ಕಿಟಕಿಯ ಬೆಳಕಿಗೆ ಹಿಡಿದಳು. ಕರಿ ತಂತಿಗಳ ಪಕ್ಕದಲ್ಲಿ, ಎರಡು ಸ್ಕ್ರೂಗಳ ನಡುವೆ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಹಿತ್ತಾಳೆಯ ಪಟ್ಟಿಯೊಂದು ಮಿನುಗಿತು. ಕಾರ್ಖಾನೆಯಿಂದ ಬರುವಾಗಲೇ ಮೇಲಿನ ಕಿಂಡಿಯನ್ನೂ ಕೆಳಗಿನ ಕಿಂಡಿಯನ್ನೂ ಒಂದು ಮಾಡಿಟ್ಟಿರುವ ಪಟ್ಟಿ. ಅದನ್ನು ಮುರಿಯದೆ ತಂತಿ ಬೇರೆ ಬೇರೆ ಎಳೆದು ಏನು ಬಂತು! ಒಂದಕ್ಕೆ ಕೊಟ್ಟದ್ದು ಇನ್ನೊಂದಕ್ಕೂ ಹೋಗುತ್ತಿತ್ತು.

"ದೊಡ್ಡಪ್ಪ, ಆ ಇಕ್ಕಳ ಕೊಡಿ."

"ಯಾವುದಕ್ಕೆ?"

"ಕೊಡಿ ಅಂದ್ನಲ್ಲ!"

ಅವಳ ದನಿಗೆ ಅವಳೇ ಬೆಚ್ಚಿದಳು. ದೊಡ್ಡಪ್ಪ ಊರುಗೋಲು ಬಿಟ್ಟು, ಕುಂಟುತ್ತ ಹೋಗಿ ಇಕ್ಕಳ ತಂದುಕೊಟ್ಟರು. ಅವಳು ಪಟ್ಟಿಯನ್ನು ಅದರಲ್ಲಿ ಕಚ್ಚಿ ಹಿಡಿದು ಹಿಂದಕ್ಕೆ ಮುಂದಕ್ಕೆ ಬಗ್ಗಿಸಿದಳು. ಟಕ್ ಎಂದು ಮುರಿದು ಎಲ್ಲೋ ಬೆಂಚಿನ ಕೆಳಗೆ ಹಾರಿತು.

ಈ ಸಲ ಅವಳು ಪರೀಕ್ಷೆಗೆ ಅಮ್ಮನ ಲ್ಯಾಂಪನ್ನೂ ತಂದಳು. ಬಿಸಿನೀರಿಗೆ ಮೇಲಿನದು ಹತ್ತಿ ಕೆಳಗಿನದು ಕತ್ತಲಾಗಿಯೇ ಇತ್ತು. ಐಸಿನ ನೀರಿಗೆ ಕೆಳಗಿನದು ಹತ್ತಿ ಮೇಲಿನದು ಆರಿತು. ಮತ್ತೆ ಎಲ್ಲವನ್ನೂ ಜೋಡಿಸಿ ಫ್ರಿಜ್ಜಿನ ಮುಂದೆ ಇಬ್ಬರೂ ಕೂತರು. ಹದಿನೈದು. ಹದಿನೈದು. ಅಮ್ಮ ಕಾಫಿ ಕೊಟ್ಟು ಹೋದಳು. ಹದಿನಾಲ್ಕು. ದೊಡ್ಡಪ್ಪ ಕುರ್ಚಿಯ ಅಂಚಿಗೆ ಸರಿದರು. ಆಟದ ಮೈದಾನದಲ್ಲಿ ಕೂತವರ ಹಾಗೆ ಅಂಕಿ ಇಳಿದಾಗಲೆಲ್ಲ ತೊಡೆ ತಟ್ಟುತ್ತಿದ್ದರು. ಊಟಕ್ಕೆ ಕರೆದರೆ ಇಬ್ಬರೂ ಏಳಲಿಲ್ಲ. ಕೊನೆಗೆ ಹತ್ತು ಬಂತು, ಒಳಗೆ ಕಟ್ ಎಂದಿತು, ದಿನವೆಲ್ಲ ಒದರುತ್ತಿದ್ದ ಫ್ರಿಜ್ಜು ಸುಮ್ಮನಾಯಿತು. ಬಕೆಟ್ಟಿನ ಗುಳುಕ್ ಗುಳುಕ್ ಮಾತ್ರ ಕೇಳುತ್ತಿತ್ತು.

"ಹೊರದೇಶದ ಹತ್ತು," ಅಂದರು ದೊಡ್ಡಪ್ಪ, ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡು. "ಆದ್ರೂ ಕುಂಡ ತರ್ತೀನಿ ನಾನು. ಯಾರನ್ನೂ ನಂಬಲ್ಲ."

ತಂದರು ಕೂಡ. ಜೂನ್‌ನ ಮದುವೆಯ ಮಧ್ಯಾಹ್ನ ಸಭಾಂಗಣದೊಳಗೆ ಕಂದು ಸೂಟು ತೊಟ್ಟು, ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಕೆಂಪು ಹೂ ಬಿಟ್ಟ ಜೆರೇನಿಯಂ ಹಿಡಿದು ಬಂದು, ಪೀಪಾಯಿಯ ಪಕ್ಕದ ಮೇಜಿನಲ್ಲಿ ಕುಂಡ ಇಟ್ಟು, ಅದರ ಮುಂದೆಯೇ ಕೂತರು. ಗೊತ್ತಿದ್ದವರು ಗೊಳ್ಳೆಂದರು. ಗೊತ್ತಿಲ್ಲದ ಗಂಡಿನ ಕಡೆಯವರಿಗೆ ಗೊತ್ತಿದ್ದವರು ಹೇಳಿದರು, ಅವರೂ ಗೊಳ್ಳೆಂದರು. ಗ್ರೆಚನ್ ಬಿಳಿ ಗೌನಿನ ಅಂಚನ್ನು ಎತ್ತಿಕೊಂಡು ತಂಗಿಯ ಪಕ್ಕ ಬಂದು ನಿಂತು, "ಆ ಗ್ಲಾಸನ್ನ ಎಷ್ಟು ಸಲ ಒರೆಸ್ತೀಯೇ," ಅಂದಳು.

"ನೀನೂ ಗೌನ್ ಎಷ್ಟು ಸಲ ಸರಿಮಾಡ್ಕೊಂಡೆ."

"ನಂದು ಮದುವೆ ಕಣೆ. ನಿಂಗೇನಾಗಿದೆ?"

ಮಾರ್ನಿ ನಲ್ಲಿ ತಿರುಗಿಸಿದಳು. ಮೊದಲು ಬರೀ ನೊರೆ ಬುಸುಗುಟ್ಟಿತು. ಆಮೇಲೆ ಬಂದದ್ದು ತಿಳಿಯಾದ, ಗೋಧಿಯ ಹುಲ್ಲಿನ ಬಣ್ಣದ ಲಾಗರ್, ಗ್ಲಾಸಿನ ಆಚೆ ಹಿಡಿದ ಅವಳ ಬೆರಳ ಗೆರೆಗಳು ಕಾಣುವಷ್ಟು ತಿಳಿ. ಎಲ್ಲರಿಗೂ ತುಂಬಿಕೊಟ್ಟದ್ದಾಯಿತು. ಅವಳು ಗ್ಲಾಸು ಎತ್ತಿದಳು.

"ಪ್ರೋಸ್ಟ್."

ಅದು ಮುಂದಿನ ಮೇಜು ದಾಟಲಿಲ್ಲ. ಯಾರೂ ಗ್ಲಾಸು ಎತ್ತಲಿಲ್ಲ. ನಾರ್ಬ್ ದೊಡ್ಡಪ್ಪ ಕಿವಿಗೆ ಅಂಗೈ ಹಿಡಿದು, "ಏನಂದೆ? ಈ ಹೂವಿನ ಕುಂಡಕ್ಕೂ ಕೇಳಿಸ್ಲಿಲ್ಲ!" ಅಂದರು.

ಮಾರ್ನಿ ಕಣ್ಣು ಮುಚ್ಚಿದಳು. ಲಾಂಡ್ರಿಯಲ್ಲಿ ಸಾಲಾಗಿ ನಿಂತು ಗಡಗಡಿಸುವ ಯಂತ್ರಗಳು, ಆ ತುದಿಯಲ್ಲಿ ಬೆನ್ನು ಹಾಕಿ ನಿಂತ ಜೊತೆಗಾರ್ತಿ. ಹೊಟ್ಟೆಯಾಳದಿಂದ ಉಸಿರೆಳೆದಳು.

"ಪ್ರೋಸ್ಟ್!"

ಸಭಾಂಗಣದ ತಗಡಿನ ಮಾಡು ಅದನ್ನು ವಾಪಸ್ಸು ಕೊಟ್ಟಿತು. ಬಾಗಿಲ ಹೊರಗೆ ಸಾಸೇಜ್ ಸುಡುತ್ತಿದ್ದವರು ಇಕ್ಕಳ ಹಿಡಿದೇ ಇಣುಕಿದರು. ಮರುಗಳಿಗೆ ಸಭೆಗೆ ಸಭೆಯೇ ಎದ್ದು ನಿಂತು "ಪ್ರೋಸ್ಟ್!" ಎಂದು ಮೊಳಗಿತು. ಗ್ಲಾಸುಗಳು ತಾಗಿದವು, ಗಂಟಲುಗಳು ಕುಣಿದವು. ಮಾರ್ನಿ ಯಾರ ಕಡೆಯೂ ನೋಡಲಿಲ್ಲ, ಒಬ್ಬರ ಕಡೆ ಬಿಟ್ಟು.

ನಾರ್ಬ್ ದೊಡ್ಡಪ್ಪ ಒಂದು ಗುಟುಕು ಕುಡಿದರು. ಬಾಯಲ್ಲೇ ಇಟ್ಟುಕೊಂಡು ಮಾಡಿನತ್ತ ನೋಡಿದರು. ಆಮೇಲೆ ಜೆರೇನಿಯಂ ಕಡೆ ನೋಡಿದರು. ಗ್ಲಾಸನ್ನು ನಿಧಾನಕ್ಕೆ ಕುಂಡದ ಮೇಲೆ ಒಯ್ದರು. ಎಲ್ಲರ ಕತ್ತೂ ಅತ್ತ ಚಾಚಿತು.

"ಇದಕ್ಕೆ ಯಾಕೆ ಕೊಡ್ಬೇಕು? ಇದೇನು ನಂಗೆ ನೆಂಟನಾ?" ಅಂದವರೇ ಗ್ಲಾಸು ಹಿಂದಕ್ಕೆ ತಂದು ತುಟಿಗಿಟ್ಟರು.

ಆ ನಗೆಯ ಅಬ್ಬರದಲ್ಲಿ ಅಕಾರ್ಡಿಯನ್ ವಾದನ ಶುರುವಾದದ್ದು ಯಾರಿಗೂ ಗೊತ್ತಾಗಲಿಲ್ಲ. ಗಂಡಿನ ಅಪ್ಪ ಎರಡನೇ ಗ್ಲಾಸಿಗೆ ಬಂದರು, ಅವರ ಹಿಂದೆ ಸಾಲು ಬೆಳೆಯಿತು. ಮದುವಣಗಿತ್ತಿ ಹೂಗುಚ್ಛ ಎಸೆಯುವ ಮೊದಲೇ ಪೀಪಾಯಿ ಬರಿದಾಯಿತು. ಗ್ರೆಚನ್ ತಂಗಿಯನ್ನು ಎರಡೂ ಕೈಯಲ್ಲಿ ಎಳೆದುಕೊಂಡು ಪೋಲ್ಕಾ ಕುಣಿತದ ಸುತ್ತಿಗೆ ನುಗ್ಗಿದಳು. ಮಾರ್ನಿಯ ಒಂದು ಚಪ್ಪಲಿ ಎಲ್ಲೋ ಕಳಚಿತು, ಅವಳು ಹುಡುಕಲಿಲ್ಲ.

ಏದುಸಿರು ಬಿಡುತ್ತ ಮೇಜಿಗೆ ಮರಳಿದಾಗ ದೊಡ್ಡಪ್ಪನ ಕುರ್ಚಿ ಖಾಲಿಯಿತ್ತು. ಅತ್ತ ಅವರು ಯಾರದೋ ಭುಜ ಹಿಡಿದು, ಯಾವ ಅಂಗಡಿಯಲ್ಲೂ ಸಿಗದ ಕೆಂಪು ಅಂಕಿಯ ಡಬ್ಬಿಯೊಂದರ ವಿಷಯ ಕೈ ಆಡಿಸಿ ಆಡಿಸಿ ಹೇಳುತ್ತಿದ್ದರು. ಊರುಗೋಲು ಕುರ್ಚಿಗೆ ಒರಗಿತ್ತು. ಕುಂಡದ ಮಣ್ಣು ಒಣಗಿಯೇ ಇತ್ತು. ಅದರ ಪಕ್ಕದಲ್ಲಿ ಅವರ ಖಾಲಿ ಗ್ಲಾಸು. ಒಳಮೈಯಲ್ಲಿ ಗುಟುಕಿಗೊಂದರಂತೆ ನೊರೆಯ ಬಳೆಗಳು, ಒಂದರ ಕೆಳಗೊಂದು, ತಳದವರೆಗೂ.