ಕೈ ಹಿಡಿದ ಕಲ್ಲು

ಮರುದಿನ ಬೆಳಿಗ್ಗೆ ಅಮ್ಮನ ಸಮಾಧಿ ತೆರೆಯುವವರಿದ್ದರು. ಮಣ್ಣು ಮಾಡಿ ಮೂರು ವರ್ಷವಾದ ಮೇಲೆ ಮೂಳೆಗಳನ್ನು ಮೇಲೆತ್ತಿ, ವೈನಿನಲ್ಲಿ ತೊಳೆದು ಪೆಟ್ಟಿಗೆಯಲ್ಲಿಡುವುದು ನಮ್ಮ ಗ್ರೀಕರ ಪದ್ಧತಿ. ನಮ್ಮ ಮನೆತನದಲ್ಲಿ ತಲೆಬುರುಡೆಯನ್ನು ಮೊದಲು ಕೈಗೆ ತೆಗೆದುಕೊಳ್ಳಬೇಕಾದವಳು ಹಿರಿಮಗಳು. ಅಂದರೆ ನಾನು. ಶವಪೆಟ್ಟಿಗೆಯಲ್ಲಿದ್ದ ಅಮ್ಮನ ತಣ್ಣನೆಯ ಹಣೆಗೆ ಕೊನೆಯ ಮುತ್ತು ಕೊಡಲೂ ಆಗದೆ ಹಿಂದೆ ಸರಿದವಳು ನಾನು. ನನ್ನಿಂದಾಗದು ಎಂದು ತಂಗಿ ಫೊತಿನಿಗೆ ಹೇಳಿಬಿಟ್ಟಿದ್ದೆ.

ಅವಳು ವಾದಿಸಲಿಲ್ಲ. ಪಾದ್ರಿಯನ್ನು ಕಂಡು ಹಿಂದಿರುಗುವಾಗ ಬಿಸಿಲು ತಡೆಯದೆ ದಾರಿಯಲ್ಲಿದ್ದ ಮ್ಯೂಸಿಯಂ ಹೊಕ್ಕೆವು. ಅಥೆನ್ಸ್‌ನಲ್ಲೇ ಹುಟ್ಟಿ ಬೆಳೆದರೂ ಶಾಲೆ ಬಿಟ್ಟ ಮೇಲೆ ನಾನು ಅಲ್ಲಿ ಕಾಲಿಟ್ಟಿರಲಿಲ್ಲ.

ಸಾಲಾಗಿ ನಿಂತ ಬೆತ್ತಲೆ ಯುವಕರ ಶಿಲ್ಪಗಳ ಮುಂದೆ ಫೊತಿನಿ ಪಿಸುಗುಟ್ಟಿದಳು. “ಅಮ್ಮ ಇದ್ದಿದ್ರೆ ಇವರಿಗೆಲ್ಲ ಅಳತೆ ತಗೊಂಡು ಒಂದೊಂದು ಚಡ್ಡಿ ಹೊಲಿದು ಕೊಡ್ತಿದ್ಲು.”

“ಸುಮ್ನಿರೇ, ಜನ ನೋಡ್ತಿದ್ದಾರೆ.”

ಮುಂದಿನ ಕೋಣೆಯಲ್ಲಿ ಹಳೆಯ ಸಮಾಧಿಕಲ್ಲುಗಳಿದ್ದವು. ಒಂದರ ಮುಂದೆ ನನ್ನ ಕಾಲು ತಾನಾಗಿ ನಿಂತಿತು. ಕುರ್ಚಿಯಲ್ಲಿ ಕುಳಿತ ಹೆಂಗಸು, ಅವಳೆದುರು ನಿಂತ ಚಿಕ್ಕವಳು. ಇಬ್ಬರೂ ಬಲಗೈ ಹಿಡಿದುಕೊಂಡಿದ್ದಾರೆ. ಅಳುವಿಲ್ಲ. ಹೆಬ್ಬೆರಳು ಒತ್ತಿದಲ್ಲಿ ಅಮೃತಶಿಲೆ ನಿಜವಾದ ಚರ್ಮದಂತೆ ತುಸು ತಗ್ಗಿತ್ತು.

“ಇವರಲ್ಲಿ ಸತ್ತಿರೋದು ಯಾರು ಅಕ್ಕ?”

“ಕೂತವಳಿರ್ಬೇಕು.”

“ಏನೂ ಆಗೇ ಇಲ್ಲ ಅನ್ನೋ ಥರ ಕೂತಿದ್ದಾಳಲ್ಲ.”

ಎರಡು ಸಾವಿರದ ನಾನೂರು ವರ್ಷಗಳಿಂದ ಈ ಮಗಳು ಕೈ ಬಿಟ್ಟಿಲ್ಲ. ಅವರ ಹೆಸರಿನ ಅಕ್ಷರಗಳು ಸವೆದು ಹೋಗಿವೆ, ಹಿಡಿತ ಸಡಿಲವಾಗಿಲ್ಲ. ದೊಡ್ಡ ಚರ್ಚಿನ ಗುಮ್ಮಟದ ಕೆಳಗೂ ನಾನು ಇಷ್ಟು ಚಿಕ್ಕವಳೆಂದು ನನಗನಿಸಿರಲಿಲ್ಲ. ಶಿಲುಬೆಯ ಗುರುತು ಮಾಡಿಕೊಂಡು, ಬಾಗಿ, ಆ ಕಲ್ಲಿನ ಕೈಗೆ ಮುತ್ತಿಟ್ಟೆ.

“ಏನಮ್ಮ ಇದು, ಚರ್ಚು ಅಂದ್ಕೊಂಡ್ರಾ?” ಕಾವಲಿನ ಹೆಂಗಸು ಓಡಿ ಬಂದಳು. “ಲಿಪ್‌ಸ್ಟಿಕ್ ಹಾಕಿದ್ದೀರಾ?”

“ಇಲ್ಲ.”

ಅವಳು ನನ್ನ ಕಪ್ಪು ಬಟ್ಟೆ ನೋಡಿದಳು. ದನಿ ತಗ್ಗಿತು. “ಹಾಗಾದ್ರೆ ಕಲ್ಲಿಗೆ ಕಲೆ ಆಗಿಲ್ಲ, ಉಳ್ಕೊಂಡೆ. ನಮ್ಮ ಹೆಂಗಸರಿಗೆ ಕಣ್ಣೆದುರು ಯಾವ ಕೈ ಬಂದ್ರೂ ಸಾಕು, ಮುತ್ತಿಡೋದೇ. ಪರದೇಶದವರು ಫೋಟೋ ತಗೊಂಡು ಸುಮ್ನೆ ಹೋಗ್ತಾರೆ.”

ಫೊತಿನಿ ನಕ್ಕಳು. ನನ್ನ ತುಟಿಯ ಮೇಲೆ ಕಲ್ಲಿನ ತಂಪು ಇನ್ನೂ ಇತ್ತು. ಮೂರು ವರ್ಷ ನಾನು ಹೆದರಿದ್ದು ಆ ತಂಪಿಗೇ. ಅದರಲ್ಲಿ ಹೆದರುವಂಥದ್ದೇನೂ ಇರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಫೊತಿನಿ ಫೋನು ತೆಗೆದಳು. “ನಾಳೆ ನಿನ್ನ ಬದಲು ನಾನೇ ನಿಲ್ತೀನಿ ಅಂತ ಪಾದ್ರಿಗೆ ಹೇಳ್ಲಾ?”

“ಬೇಡ. ಅಮ್ಮನ್ನ ನಾನೇ ಕೈಗೆ ತಗೋತೀನಿ.”

“ಈಗ್ಲೇ ನಡುಗ್ತಿದ್ದೀಯಲ್ಲೇ ಅಕ್ಕ.”

“ನಡುಗ್ಲಿ ಬಿಡು. ನೀನು ಪಕ್ಕದಲ್ಲೇ ಇರು.”