ಗಂಡನಿಗೆ ಕಟ್ಟಿಕೊಟ್ಟ ಕನಸುಗಳು

ನಮ್ಮ ಅಟ್ಟದ ಮೇಲೆ ಏಳು ಬಾತುಕೋಳಿ ಕೂತಿದ್ದವು ಅಂತ ನಾನು ಹೇಳಬಾರದಿತ್ತು. ಹೇಳಿಬಿಟ್ಟೆ.

ಚನ್ನಪಟ್ಟಣದ ಬಸ್‌ಸ್ಟ್ಯಾಂಡಿನ ಹತ್ತಿರ ಆನ್‌ಲೈನ್ ಲಾಟರಿ ಅಂಗಡಿ ಬಂದ ವರ್ಷ ಅದು. ಕಂಪ್ಯೂಟರಿನಲ್ಲಿ ಕಾಲು ಗಂಟೆಗೊಂದು ನಂಬರು ಬೀಳುತ್ತಿತ್ತು. ನನ್ನ ಗಂಡ ಚಿಕ್ಕರಾಜು ಅಕ್ಕೂರಿನಿಂದ ದಿನಾ ಅಲ್ಲಿಗೆ ಹೋಗಿ ಕೂರುತ್ತಿದ್ದ. ಅವನ ನಿದ್ದೆಯೇ ಹಾರಿಹೋಗಿತ್ತು. ಗೆಲ್ಲುವ ನಂಬರು ಕನಸಿನಲ್ಲಿ ಬರುತ್ತದೆ ಅಂತ ಅಲ್ಲಿ ಯಾರೋ ಪುಣ್ಯಾತ್ಮ ಬೇರೆ ಹೇಳಿದ್ದ. ನಿದ್ದೆಯೇ ಇಲ್ಲದವನಿಗೆ ಕನಸೆಲ್ಲಿಂದ ಬರಬೇಕು? ಬೆಳಗಾದರೆ ನನ್ನ ಪ್ರಾಣ ತಿನ್ನುತ್ತಿದ್ದ.

"ಏನಾರ ಕನ್ಸು ಬಿತ್ತಾ ವನಜಾ? ಒಸಿ ಗ್ಯಾಪ್ಕ ಮಾಡ್ಕೊ."

ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದ ನನಗೆ ರೇಗಿಹೋಯಿತು. "ಏಳು ಬಾತುಕೋಳಿ ಬಂದು ಅಟ್ಟದ್ ಮ್ಯಾಲೆ ಕುಂತಿದ್ದೊ. ಸಾಕಾ?" ಅಂದೆ. ಸೋತು ಬರಲಿ, ಆಗಲಾದರೂ ನನ್ನನ್ನು ಕೇಳುವುದು ಬಿಡುತ್ತಾನೆ ಅಂತ. ಹಾಳಾದ್ದು, ಏಳೇ ಬಿತ್ತು!

ಆಮೇಲೆ ನೋಡಿ ನನ್ನ ವೈಭೋಗ. ಮಧ್ಯಾಹ್ನ ಉಂಡ ಕೂಡಲೇ ಹುಳದ ಮನೆಯ ತಂಪಿನಲ್ಲಿ ಚಾಪೆ ಹಾಸಿ, "ನೀನ್ ಮನೀಕೊ ಕಣಮ್ಮಿ, ಸೊಪ್ಪು ನಾನ್ ಹಾಕ್ತೀನಿ" ಅನ್ನುತ್ತಿದ್ದ. ಮೊರದಲ್ಲಿ ಗಾಳಿ ಬೀಸುತ್ತಿದ್ದ. ತಟ್ಟೆಗಳಲ್ಲಿ ಹುಳ ಸೊಪ್ಪು ಮೇಯುವ ಸದ್ದು ಸೋನೆಮಳೆಯ ಹಾಗೆ ಕೇಳುತ್ತಿತ್ತು. ಅರೆಮುಚ್ಚಿದ ಕಣ್ಣಿಗೆ ಎಲ್ಲವೂ ಹಸಿರಾಗಿ, ಚಾಪೆ ಮೆಲ್ಲಗೆ ಕೆರೆಯ ಮೇಲೆ ತೇಲಿದಂತಾಗುತ್ತಿತ್ತು. ಮದುವೆಯಾದ ಹನ್ನೊಂದು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಮಲಗಿಸಿರಲಿಲ್ಲ. ಸುಖವಾಗಿತ್ತು, ಯಾಕೆ ಮುಚ್ಚಿಡಲಿ? ಎದ್ದು ದಿನಕ್ಕೊಂದು ಕನಸು ಕಟ್ಟಿಕೊಟ್ಟೆ. ನಮ್ಮ ತೋಟದಲ್ಲಿ ಮೂರು ಚಂದ್ರ. ಬಾವಿಯೊಳಗೆ ಒಂಬತ್ತು ದೀಪ.

ಒಂದೂ ಬೀಳಲಿಲ್ಲ. ಅವನು ಊಟ ಬಿಟ್ಟ. ಸೊಪ್ಪು ಹಾಕುತ್ತಲೇ ನಂಬರು ಗೊಣಗುತ್ತಿದ್ದ. ಒಂದು ಮಧ್ಯಾಹ್ನ ಗಾಳಿ ನಿಂತಿತಲ್ಲ ಅಂತ ಕಣ್ಣು ಬಿಟ್ಟರೆ, ನನ್ನ ಮುಖದ ಮೇಲೇ ಬಗ್ಗಿ ರೆಪ್ಪೆಗಳನ್ನೇ ನೋಡುತ್ತಾ ಕೂತಿದ್ದಾನೆ! ಕಣ್ಣು ಕೆಂಡದ ಹಾಗಿತ್ತು. ದಡಬಡಿಸಿ ಎದ್ದು ಕೂತೆ. ಅಯ್ಯೋ, ಇವನನ್ನು ಹೀಗೆ ಮಾಡಿದವಳು ನಾನೂ ಹೌದಲ್ಲ ಅನ್ನಿಸಿತು.

"ಎಲ್ಲಾ ಸುಳ್ಳು ಕಣಯ್ಯಾ! ನಂಗೊಂದು ಕನ್ಸೂ ಬಿದ್ದಿಲ್ಲ, ನಾನೇ ಕಟ್ಟಿ ಏಳ್ದೆ," ಅಂತ ಅವನ ಕೈ ಹಿಡಿದುಕೊಂಡು ಅತ್ತುಬಿಟ್ಟೆ.

ಅವನು ನನ್ನ ತಲೆ ಸವರಿದ. "ದಣ್ದಿದ್ದೀಯ. ಇನ್ನೊಸಿ ಮನೀಕೊ, ಬತ್ತದೆ."

ಮಾರನೆಯ ದಿನ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ತೋರಿಸುವುದು ನನ್ನನ್ನು ಅಂತ ಇನ್ನೊಂದು ಸುಳ್ಳು ಹೇಳಿದ ಮೇಲೆಯೇ ಅವನು ರೈಲು ಹತ್ತಿದ್ದು. ನಾನು ಎಲ್ಲವನ್ನೂ ಹೇಳಿಕೊಂಡೆ. ಡಾಕ್ಟರು ಅವನ ಕಡೆ ತಿರುಗಿ, "ನೀವು ನಿದ್ದೆ ಮಾಡಿ ಎಷ್ಟು ದಿನ ಆಯ್ತು?" ಎಂದು ಕೇಳಿದರು.

ಚಿಕ್ಕರಾಜು ಕೈ ಮುಗಿದ.

"ನನ್ ಇಸ್ಯ ಬುಡಿ ಸಾ. ಇವಳ್ಗೆ ಕನ್ಸು ನಿಂತೋಗವೆ. ಅದ್ಕೊಂದು ಮಾತ್ರೆ ಬರ್ಕೊಡಿ."